ಸಂಬಳಕ್ಕೆ ಸರ್ಕಾರದ ಆಸರೆ: ಅರಸೀಕೆರೆ, ಕಡೂರು ಕಡೆಯ ಹೆಣ್ಣುಮಕ್ಕಳಿಗೆ ಎಷ್ಟು ದಕ್ಕುತ್ತದೆ?

ಹೊಸ ಕೆಲಸಗಳಿಗಾಗಿ ಕೆಲಸಗಾರರಿಗೂ ಮಾಲೀಕರಿಗೂ ಪ್ರೋತ್ಸಾಹಧನ ಕೊಡುವ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯನ್ನು ಸರ್ಕಾರ ಒದಗಿಸುವ ಒಂದು ಸೇವೆಯೆಂದು ಎಣಿಸಿ, ಅದನ್ನು ಬಳಸಬೇಕಾದವರ ಕಡೆಯಿಂದ ಅಳೆದು ನೋಡುವುದು ಈ ವಿಮರ್ಶೆಯ ಉದ್ದೇಶ. ಹಾಸನದಲ್ಲಿ ಕುಳಿತು ಸಣ್ಣ ಗಾರ್ಮೆಂಟ್ಸ್ ಘಟಕಗಳ, ಕಾಫಿ ಕ್ಯೂರಿಂಗ್ ಮಾಡುವವರ ಮತ್ತು ತೆಂಗಿನ ನಾರಿನ ಘಟಕಗಳ ಪಿಎಫ್ (ಭವಿಷ್ಯ ನಿಧಿ) ಹಾಗೂ ಇಎಸ್‌ಐ (ಕಾರ್ಮಿಕರ ವಿಮೆ) ಲೆಕ್ಕ ನೋಡಿಕೊಳ್ಳುವುದು ನನ್ನ ವೃತ್ತಿಯಾದ್ದರಿಂದ, ಯೋಜನೆಯ ಜಾಹೀರಾತಿಗಿಂತ ಹೆಚ್ಚಾಗಿ ಅದರ ನಿಯಮಗಳನ್ನೂ ಆ ನಿಯಮಗಳ ಎದುರು ಬಂದು ಕೂರುವ ಹೆಣ್ಣುಮಕ್ಕಳನ್ನೂ ನಾನು ನೋಡುತ್ತೇನೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆಲಸ ಕೊಡುವವರಿಗೆ ಇದು ಉದಾರವಾದ ಮತ್ತು ಲೆಕ್ಕಕ್ಕೆ ಸುಲಭವಾದ ಯೋಜನೆ. ಓದು ಮುಗಿಸಿ ಮೊದಲ ಕೆಲಸಕ್ಕೆ ಸೇರುವ ಹುಡುಗನಿಗೂ ತಕ್ಕಮಟ್ಟಿಗೆ ಅನುಕೂಲವಿದೆ. ಆದರೆ ಅರಸೀಕೆರೆ, ಕಡೂರು ಕಡೆಯ ಮಳೆ ಕಡಿಮೆಯ ಹಳ್ಳಿಗಳಿಂದ ಸಂಬಳದ ಕೆಲಸಕ್ಕೆ ಹೊರಡುವ ಹೆಂಗಸಿನ ಬದುಕು ಹೇಗೆ ನಡೆಯುತ್ತದೆ ಎಂಬುದನ್ನು ಈ ಯೋಜನೆ ರೂಪಿಸಿದವರು ಗಮನಿಸಿದಂತೆ ಕಾಣುವುದಿಲ್ಲ.

ಯೋಜನೆಯ ಸ್ವರೂಪ ಹೀಗಿದೆ. 2024ರ ಜುಲೈ ಬಜೆಟ್ಟಿನಲ್ಲಿ ಉದ್ಯೋಗ ಪ್ರೋತ್ಸಾಹಧನವೆಂದು ಘೋಷಣೆಯಾಗಿ, 2025ರ ಜುಲೈ 1ರಂದು ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ಪಡೆದ ಇದಕ್ಕೆ ಮೀಸಲಿಟ್ಟ ಹಣ ₹99,446 ಕೋಟಿ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಕೆಲಸಗಳಿಗೆ ಇದು ಅನ್ವಯಿಸುತ್ತದೆ. ಮೊದಲ ಭಾಗ ಕೆಲಸಗಾರರದ್ದು: ಮೊದಲ ಬಾರಿಗೆ ಪಿಎಫ್ ವ್ಯಾಪ್ತಿಗೆ ಬರುವ, ತಿಂಗಳಿಗೆ ಒಂದು ಲಕ್ಷ ರೂಪಾಯಿವರೆಗೆ ಸಂಬಳವಿರುವ ಯಾರಿಗೇ ಆದರೂ ಒಂದು ತಿಂಗಳ ಪಿಎಫ್ ವೇತನದಷ್ಟು (ಪಿಎಫ್ ವಂತಿಗೆ ಲೆಕ್ಕ ಹಾಕುವ ವೇತನ), ಗರಿಷ್ಠ ₹15,000, ಎರಡು ಕಂತಿನಲ್ಲಿ ಸಿಗುತ್ತದೆ. ಮೊದಲ ಕಂತು ಆರು ತಿಂಗಳ ಸೇವೆಯ ನಂತರ, ಎರಡನೆಯದು ಹನ್ನೆರಡು ತಿಂಗಳಾದ ಮೇಲೆ ಮತ್ತು ಹಣಕಾಸು ಸಾಕ್ಷರತೆಯ ಪಾಠವೊಂದನ್ನು ಮುಗಿಸಿದ ಮೇಲೆ. ಈ ಹಣದ ಒಂದು ಪಾಲನ್ನು ನಿಗದಿತ ಅವಧಿಗೆ ಉಳಿತಾಯವಾಗಿ ಕಟ್ಟಿಡಲಾಗುತ್ತದೆ. ಎರಡನೆಯ ಭಾಗ ಮಾಲೀಕರದ್ದು: ಹೆಚ್ಚುವರಿಯಾಗಿ ತೆಗೆದುಕೊಂಡು ಕನಿಷ್ಠ ಆರು ತಿಂಗಳು ಉಳಿಸಿಕೊಂಡ ಪ್ರತಿಯೊಬ್ಬರಿಗೂ ತಿಂಗಳಿಗೆ ₹3,000ದವರೆಗೆ ಎರಡು ವರ್ಷ, ತಯಾರಿಕಾ ವಲಯವಾದರೆ ನಾಲ್ಕು ವರ್ಷ.

ಇನ್ನು ಲೆಕ್ಕಕ್ಕೆ ಬರೋಣ. ಟೈಲರಾಗಿ ಸೇರುವ ಹೆಣ್ಣುಮಗಳೊಬ್ಬಳ ಪಿಎಫ್ ವೇತನ ₹12,000 ಎಂದಿಟ್ಟುಕೊಳ್ಳಿ. ಮಾಲೀಕರು ಅವಳ ಹೆಸರಿನಲ್ಲಿ ಕಟ್ಟಬೇಕಾದ ಪಿಎಫ್ ವಂತಿಗೆ ಶೇ 12, ಅಂದರೆ ₹1,440. ವಿಮೆ ಮತ್ತು ಆಡಳಿತ ವೆಚ್ಚವೆಂದು ಇನ್ನು ಶೇ 1, ₹120. ಇಎಸ್‌ಐ ಶೇ 3.25ರಂತೆ ₹390. ಒಟ್ಟು ₹1,950. ಪಿಎಫ್ ವೇತನ ₹10,000 ದಾಟಿ ₹20,000ದ ಒಳಗಿದ್ದರೆ ಮಾಲೀಕರಿಗೆ ಬರುವ ಪ್ರೋತ್ಸಾಹಧನ ತಿಂಗಳಿಗೆ ₹2,000. ಎಂದರೆ ಶಾಸನಬದ್ಧ ವಂತಿಗೆಯ ಅಷ್ಟೂ ಭಾರವನ್ನು ಸರ್ಕಾರ ಹೊತ್ತು, ಮೇಲೆ ಐವತ್ತು ರೂಪಾಯಿ ಉಳಿಸಿಕೊಡುತ್ತದೆ. ತಯಾರಿಕಾ ಘಟಕಕ್ಕೆ ನಾಲ್ಕು ವರ್ಷದಲ್ಲಿ ಒಬ್ಬಳ ಲೆಕ್ಕದಲ್ಲಿ ಬರುವುದು ₹96,000. ಹೆಂಗಸರನ್ನು ಹಾಜರಿ ಪುಸ್ತಕಕ್ಕೆ ಸೇರಿಸದೆ, ಕೈಗೆ ಕೂಲಿ ಕೊಟ್ಟು ಕಳುಹಿಸುವ ಅಭ್ಯಾಸ ನಮ್ಮ ಕಡೆಯ ಸಣ್ಣ ಘಟಕಗಳಲ್ಲಿ ಬಹಳ ಕಾಲದಿಂದ ಇದೆ. ಅದಕ್ಕೆ ಅವರು ಕೊಡುತ್ತಿದ್ದ ಕಾರಣ ಈ ವಂತಿಗೆಯ ಹೊರೆಯೇ. ಆ ಕಾರಣವನ್ನು ಯೋಜನೆ ಪೂರ್ತಿಯಾಗಿ ಕಿತ್ತುಹಾಕಿದೆ, ಇದಕ್ಕೆ ಮೆಚ್ಚುಗೆ ಸಲ್ಲಲೇಬೇಕು. ನನ್ನ ಕಕ್ಷಿದಾರರಲ್ಲಿ ಇಷ್ಟು ದಿನ "ಆಮೇಲೆ ನೋಡೋಣ ಬಿಡಿ" ಎನ್ನುತ್ತಿದ್ದವರು ಈಗ ತಾವಾಗಿ ಆಧಾರ್ ಜೆರಾಕ್ಸ್ ಕಳುಹಿಸುತ್ತಾರೆ.

ಅದೇ ಹೆಣ್ಣುಮಗಳ ಕೈಯಲ್ಲಿ ಏನು ಉಳಿಯುತ್ತದೆ ಎಂದು ನೋಡಿದರೆ ಚಿತ್ರ ಅಷ್ಟು ಬೆಳಕಾಗಿಲ್ಲ. ಅವಳ ಪಾಲಿನ ಪಿಎಫ್ ₹1,440 ಮತ್ತು ಇಎಸ್‌ಐ ₹90 ಕಳೆದು ತಿಂಗಳಿಗೆ ಕೈಗೆ ಬರುವುದು ₹10,470. ವರ್ಷ ಪೂರ್ತಿ ದುಡಿದರೆ ಸಿಗುವ ಪ್ರೋತ್ಸಾಹ ₹12,000, ಅದೂ ಒಂದೇ ಸಲದ್ದು. ಇದನ್ನು ಕೋವಿಡ್ ಕಾಲದ ಆತ್ಮನಿರ್ಭರ ಭಾರತ ರೋಜ್‌ಗಾರ್ ಯೋಜನೆಯೊಂದಿಗೆ ಹೋಲಿಸಿ ನೋಡಬೇಕು. 2020ರ ಅಕ್ಟೋಬರ್ 1ರಿಂದ 2022ರ ಮಾರ್ಚ್ 31ರವರೆಗೆ ನೋಂದಣಿಗೆ ತೆರೆದಿದ್ದ ಆ ಯೋಜನೆಯಲ್ಲಿ, ತಿಂಗಳಿಗೆ ₹15,000ಕ್ಕಿಂತ ಕಡಿಮೆ ವೇತನವಿರುವ ಹೊಸ ಕೆಲಸಗಾರರ ಶೇ 12ರ ಪಾಲನ್ನು ಸರ್ಕಾರವೇ ಎರಡು ವರ್ಷ ಕಟ್ಟುತ್ತಿತ್ತು. ಸಾವಿರದವರೆಗೆ ಕೆಲಸಗಾರರಿರುವ ಸಂಸ್ಥೆಯಾದರೆ ಮಾಲೀಕರ ಶೇ 12ನ್ನೂ ಅದೇ ಕಟ್ಟುತ್ತಿತ್ತು. ₹12,000 ವೇತನದವಳಿಗೆ ಅಲ್ಲಿ ತಿಂಗಳು ತಿಂಗಳೂ ₹1,440 ಕಡಿತವಾಗದೆ ಕೈಯಲ್ಲಿ ಉಳಿಯುತ್ತಿತ್ತು, ಪಿಎಫ್ ಖಾತೆಗೂ ಹಣ ಬೀಳುತ್ತಿತ್ತು. ಎರಡು ವರ್ಷಕ್ಕೆ ಅದು ₹34,560. ಮಾಲೀಕರ ಪಾಲಿಗೂ ಅಷ್ಟೇ. ಈಗ ಮಾಲೀಕರ ಪಾಲು ₹96,000ಕ್ಕೆ ಏರಿದೆ, ಕೆಲಸಗಾರಳ ಪಾಲು ₹12,000ಕ್ಕೆ ಇಳಿದಿದೆ. ಹೊಸ ಯೋಜನೆಯನ್ನು ಹೊಗಳುವ ಲೇಖನಗಳಲ್ಲಿ ಈ ತಿರುವಿನ ಪ್ರಸ್ತಾಪವನ್ನು ನಾನು ಕಂಡಿಲ್ಲ.

ತಿಂಗಳ ಕಡಿತ ಎಷ್ಟು ಮುಖ್ಯವೆಂಬುದು ಮೊದಲ ಸಂಬಳದ ಚೀಟಿ ಕೈಗೆ ಬಂದ ದಿನ ಗೊತ್ತಾಗುತ್ತದೆ. ಮನೆಯಲ್ಲಿ ಹನ್ನೆರಡು ಸಾವಿರವೆಂದು ಹೇಳಿ ಹೊರಟವಳು ಹತ್ತೂವರೆಗೂ ಕಡಿಮೆ ತಂದರೆ ಅತ್ತೆಯ ಮುಂದೆ ಉತ್ತರ ಕೊಡಬೇಕಾದವಳು ಅವಳೇ. 2018–19ರ ಬಜೆಟ್ಟಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ಮಹಿಳೆಯರ ಪಿಎಫ್ ವಂತಿಗೆಯನ್ನು ಮೊದಲ ಮೂರು ವರ್ಷ ಶೇ 8ಕ್ಕೆ ಇಳಿಸಿ, ಮಾಲೀಕರ ಪಾಲನ್ನು ಹಾಗೆಯೇ ಉಳಿಸುವುದಾಗಿ ಘೋಷಿಸಲಾಗಿತ್ತು. ಕೈಗೆ ಬರುವ ಸಂಬಳ ಹೆಚ್ಚಬೇಕು ಎಂಬುದೇ ಅದರ ಹಿಂದಿನ ತರ್ಕ, ಮತ್ತು ಅದು ಸರಿಯಾದ ತರ್ಕ. ನಾನು ಲೆಕ್ಕ ಬರೆಯುವ ಚೀಟಿಗಳಲ್ಲಿ ಮಾತ್ರ ಇಂದಿಗೂ ಹೆಂಗಸರಿಗೂ ಗಂಡಸರಿಗೂ ಕಡಿತ ಒಂದೇ, ಶೇ 12. ಹಾಗೆಂದು ಪಿಎಫ್ ಹಣವನ್ನು ಗಾರ್ಮೆಂಟ್ಸ್ ಹೆಂಗಸರು ಹಗುರವಾಗಿ ಕಾಣುತ್ತಾರೆಂದು ಯಾರೂ ತಿಳಿಯಬಾರದು. 2016ರ ಏಪ್ರಿಲ್‌ನಲ್ಲಿ ಆ ಹಣ ಹಿಂಪಡೆಯುವ ನಿಯಮವನ್ನು ಬಿಗಿ ಮಾಡಹೊರಟಾಗ ಬೆಂಗಳೂರಿನ ರಸ್ತೆಗಳಿಗೆ ಸಾವಿರಾರು ಸಂಖ್ಯೆಯಲ್ಲಿ ಇಳಿದವರು ಇವರೇ. ಸರ್ಕಾರ ಎರಡೇ ದಿನದಲ್ಲಿ ಆ ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು.

ಯಾರಿಗೆ ಎಷ್ಟು ಎಂಬ ಪಟ್ಟಿಯಲ್ಲಿ ಇನ್ನೊಂದು ವಿಚಿತ್ರವಿದೆ. ಪಿಎಫ್ ವೇತನ ₹10,000ದ ಒಳಗಿದ್ದರೆ ಮಾಲೀಕರಿಗೆ ಹೆಚ್ಚೆಂದರೆ ₹1,000, ಅದರ ಮೇಲೆ ₹20,000ದವರೆಗೆ ₹2,000, ಅದಕ್ಕೂ ಮೇಲಿದ್ದರೆ ₹3,000. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಯೊಂದು ಎಂಬತ್ತು ಸಾವಿರ ಸಂಬಳಕ್ಕೆ ಹೊಸ ಇಂಜಿನಿಯರನ್ನು ತೆಗೆದುಕೊಂಡರೆ ಸಿಗುವ ಸಹಾಯಧನ, ಬಾಣಾವರದ ಹತ್ತಿರದ ಘಟಕವೊಂದು ಹನ್ನೆರಡು ಸಾವಿರಕ್ಕೆ ಹೆಂಗಸೊಬ್ಬಳನ್ನು ತೆಗೆದುಕೊಂಡರೆ ಸಿಗುವುದಕ್ಕಿಂತ ತಿಂಗಳಿಗೆ ಸಾವಿರ ರೂಪಾಯಿ ಹೆಚ್ಚು. ಆ ಇಂಜಿನಿಯರಿಗೂ ಪೂರ್ತಿ ₹15,000 ಬರುತ್ತದೆ, ಈಕೆಗೆ ₹12,000. ಹೆಚ್ಚು ಸಂಬಳದ ಕೆಲಸಕ್ಕೆ ಪ್ರೋತ್ಸಾಹ ಕೊಡುವುದು ಇದರ ಉದ್ದೇಶವಿರಬಹುದು. ಆದರೆ ಸಹಾಯಧನವಿಲ್ಲದಿದ್ದರೂ ಆ ಇಂಜಿನಿಯರನ್ನು ಕಂಪನಿ ತೆಗೆದುಕೊಳ್ಳುತ್ತಿತ್ತು. ಸಾರ್ವಜನಿಕ ಹಣ ಯಾರ ನಿರ್ಧಾರವನ್ನು ಬದಲಿಸುತ್ತದೆಯೋ ಅಲ್ಲಿ ಹೆಚ್ಚು ಹರಿಯಬೇಕಲ್ಲವೇ? ತಯಾರಿಕಾ ವಲಯಕ್ಕೆ ನಾಲ್ಕು ವರ್ಷ ಕೊಟ್ಟಿರುವುದು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ ಎನ್ನುವುದನ್ನು ನ್ಯಾಯಕ್ಕಾಗಿ ಹೇಳಬೇಕು.

ನನ್ನ ದೃಷ್ಟಿಯಲ್ಲಿ ಯೋಜನೆಯ ಅತಿ ದೊಡ್ಡ ದೋಷ "ಮೊದಲ ಬಾರಿಗೆ" ಎಂಬ ಷರತ್ತು. 2025ರ ಆಗಸ್ಟ್ 1ಕ್ಕೆ ಮೊದಲು ಪಿಎಫ್ ಸದಸ್ಯತ್ವ ಪಡೆದಿದ್ದವರಿಗೆ ಕೆಲಸಗಾರರ ಭಾಗದ ಹಣ ಸಿಗುವುದಿಲ್ಲ. ಗಂಡಸರ ವಿಷಯದಲ್ಲಿ ಇದು ಸರಳ: ಓದಿದ, ಕೆಲಸಕ್ಕೆ ಸೇರಿದ, ಮುಂದೆ ದುಡಿಯುತ್ತ ಹೋದ. ನಮ್ಮ ಜಿಲ್ಲೆಗಳ ಹೆಂಗಸರ ದುಡಿಮೆ ಹಾಗೆ ನೇರವಾಗಿ ಸಾಗುವುದಿಲ್ಲ. ಹತ್ತನೇ ತರಗತಿ ಅಥವಾ ಪಿಯುಸಿ ಮುಗಿಸಿ ಬೆಂಗಳೂರಿನ ಪೀಣ್ಯಕ್ಕೋ ಬೊಮ್ಮನಹಳ್ಳಿಗೋ ಹೋಗಿ, ಸಂಬಂಧಿಕರ ಮನೆಯಲ್ಲಿದ್ದು ಕೆಲವು ತಿಂಗಳು ಗಾರ್ಮೆಂಟ್ಸಿಗೆ ದುಡಿದು, ಮದುವೆ ಗೊತ್ತಾದಾಗ ಊರಿಗೆ ಬಂದವರು ಅರಸೀಕೆರೆ, ಕಡೂರು, ಬೀರೂರು ಕಡೆಯ ಹಳ್ಳಿಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಎರಡು ಮಕ್ಕಳಾಗಿ, ಚಿಕ್ಕದು ಅಂಗನವಾಡಿ ಸೇರಿದ ಮೇಲೆ ಮತ್ತೆ ದುಡಿಮೆಗೆ ಹೊರಡುವವರು ಇವರೇ. ಮೊನ್ನೆ ಜಾವಗಲ್ ಕಡೆಯಿಂದ ಬಂದ ಒಬ್ಬಾಕೆ, "ಮೇಡಂ, ಮದುವೆಗೆ ಮುಂಚೆ ಮೂರೇ ತಿಂಗಳು ಹೋಗಿದ್ದೆ, ಆ ಪಿಎಫ್ ದುಡ್ಡೂ ತಗೊಂಡಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡೀತಾರಾ?" ಎಂದು ಕೇಳಿದರು. ಹಿಡಿಯುತ್ತಾರೆ. ಆಧಾರ್ ಸಂಖ್ಯೆ ಹಾಕಿದೊಡನೆ ಹಳೆಯ ಯುಎಎನ್ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ತೆರೆದುಕೊಳ್ಳುತ್ತದೆ, ಹಳೆಯ ಮೂರು ತಿಂಗಳು ಈಗಿನ ಹನ್ನೆರಡು ಸಾವಿರವನ್ನು ನುಂಗುತ್ತದೆ. ಮಾಲೀಕರ ಭಾಗಕ್ಕೆ ಈ ಷರತ್ತಿಲ್ಲ. ಮರಳಿ ಬಂದವಳನ್ನು ತೆಗೆದುಕೊಂಡರೂ ಹೆಚ್ಚುವರಿ ಕೆಲಸಗಾರಳೆಂಬ ಲೆಕ್ಕದಲ್ಲಿ ಅವರಿಗೆ ಹಣ ಬರುತ್ತದೆ. ಹೀಗೆ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತವರಿಗೆ ಎರಡು ನ್ಯಾಯವಾಗಿದೆ.

ಇದಕ್ಕೆ ಬೇರೆ ದಾರಿಯೇ ಇಲ್ಲವೆಂದಲ್ಲ. ಇಟಲಿಯಲ್ಲಿ ದಕ್ಷಿಣದ ಪ್ರದೇಶಗಳು ಬಹುಕಾಲದಿಂದ ಉದ್ಯೋಗದಲ್ಲಿ, ಅದರಲ್ಲೂ ಹೆಂಗಸರ ಉದ್ಯೋಗದಲ್ಲಿ, ಉತ್ತರಕ್ಕಿಂತ ಹಿಂದುಳಿದಿವೆ. ಅಲ್ಲಿನ 2012ರ ಕಾನೂನೊಂದು ಮಹಿಳೆಯನ್ನು ಕೆಲಸಕ್ಕೆ ತೆಗೆದುಕೊಂಡರೆ ಮಾಲೀಕರ ಸಾಮಾಜಿಕ ಭದ್ರತಾ ವಂತಿಗೆಯಲ್ಲಿ ಅರ್ಧ ಮನ್ನಾ ಮಾಡುತ್ತದೆ: ತಾತ್ಕಾಲಿಕ ಕೆಲಸಕ್ಕೆ 12 ತಿಂಗಳು, ಕಾಯಂ ಕೆಲಸಕ್ಕೆ 18 ತಿಂಗಳು. ಷರತ್ತು ಏನೆಂದರೆ, ಹಿಂದುಳಿದ ಪ್ರದೇಶದವಳಾದರೆ ಹಿಂದಿನ 6 ತಿಂಗಳು, ಉಳಿದೆಡೆಯವಳಾದರೆ ಹಿಂದಿನ 24 ತಿಂಗಳು ಅವಳಿಗೆ ನಿಯಮಿತ ಸಂಬಳದ ಕೆಲಸ ಇದ್ದಿರಬಾರದು. ಆ ಹಣವೂ ಮಾಲೀಕರಿಗೇ ಹೋಗುತ್ತದೆ, ಅದು ಬೇರೆ ಮಾತು. ಅವಳು ಹಿಂದೆಂದೂ ದುಡಿದಿಲ್ಲವೇ ಎಂದು ಆ ಕಾನೂನು ಕೇಳುವುದಿಲ್ಲ, ಎಷ್ಟು ಕಾಲದಿಂದ ದುಡಿಮೆಯ ಹೊರಗಿದ್ದಾಳೆ ಎಂದು ಕೇಳುತ್ತದೆ. ಹೆಂಗಸು ಎಂಬುದನ್ನೂ ಊರು ಯಾವುದೆಂಬುದನ್ನೂ ಒಟ್ಟಿಗೇ ಗಣಿಸುತ್ತದೆ. ನಮ್ಮ ಯೋಜನೆಯಲ್ಲಿ ಈ ಎರಡರಲ್ಲಿ ಒಂದೂ ಲೆಕ್ಕಕ್ಕಿಲ್ಲ.

ಊರಿನ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಹಿಂದುಳಿದ ಪ್ರದೇಶವನ್ನು ಗುರುತಿಸುವ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ ಆಗಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆದು 114ನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಅಳತೆಗೋಲಾಗಿ ಹಿಡಿದದ್ದೇ ಆ ವರದಿಯ ಜಾಣ್ಮೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳನ್ನು ಬಲ್ಲವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಸಕಲೇಶಪುರ, ಮೂಡಿಗೆರೆಗಳಲ್ಲಿ ಕಾಫಿ, ಮೆಣಸು, ಏಲಕ್ಕಿ. ಅದೇ ಜಿಲ್ಲೆಗಳ ಇನ್ನೊಂದು ತುದಿಯ ಅರಸೀಕೆರೆ, ಕಡೂರುಗಳಲ್ಲಿ ರಾಗಿ, ತೆಂಗು ಮತ್ತು ಕೆರೆ ತುಂಬದ ವರ್ಷಗಳು. ಜಿಲ್ಲೆಯ ಸರಾಸರಿ ತೆಗೆದರೆ ಈ ತುದಿ ಆ ತುದಿಯ ಹಿಂದೆ ಅಡಗಿಕೊಳ್ಳುತ್ತದೆ. ರಾಜ್ಯದ ಕೈಗಾರಿಕಾ ನೀತಿಗಳು ಹೂಡಿಕೆಯ ಸಹಾಯಧನವನ್ನು ವಲಯವಾರು ಹೆಚ್ಚು ಕಡಿಮೆ ಮಾಡುವ ಪದ್ಧತಿಯನ್ನು ಉಳಿಸಿಕೊಂಡಿವೆ. ಕೇಂದ್ರದ ಈ ಯೋಜನೆಯಲ್ಲಿ ಮಾತ್ರ ಬೆಂಗಳೂರಿನ ವೈಟ್‌ಫೀಲ್ಡ್‌ಗೂ ಕಡೂರು ತಾಲ್ಲೂಕಿನ ಯಗಟಿಗೂ ವ್ಯತ್ಯಾಸವಿಲ್ಲ.

ಆರು ತಿಂಗಳ ಷರತ್ತಿನ ಬಗ್ಗೆ ನನಗೆ ತಕರಾರಿಲ್ಲ. ಸುಳ್ಳು ನೇಮಕಾತಿಯನ್ನು ತಡೆಯಲು ಅಂಥದೊಂದು ಗಡಿ ಬೇಕು. ಆದರೆ ಆ ಗಡಿ ನಮ್ಮ ಕಡೆಯ ಕೆಲಸದ ಕ್ಯಾಲೆಂಡರಿಗೆ ಹೇಗೆ ಅಡ್ಡ ಬೀಳುತ್ತದೆ ನೋಡಿ. ನವೆಂಬರ್‌ನಿಂದ ಅರೇಬಿಕಾ ಹಣ್ಣಾಗುತ್ತದೆ, ಅದು ಮುಗಿಯುತ್ತಿದ್ದಂತೆ ರೊಬಸ್ಟಾ ಬರುತ್ತದೆ. ಕುಯ್ಲಿನ ಕಾಲದಲ್ಲಿ ಕೇಜಿ ಲೆಕ್ಕದಲ್ಲಿ ಕೂಲಿ. ಕೈಚಳಕವಿರುವ ಹೆಂಗಸು ಆ ಕೆಲವು ತಿಂಗಳು ಗಾರ್ಮೆಂಟ್ಸ್ ಸಂಬಳಕ್ಕಿಂತ ಹೆಚ್ಚು ದುಡಿಯಬಲ್ಲಳು; ಹಣ ವಾರವಾರ ಕೈಗೆ ಬರುತ್ತದೆ, ಕಡಿತವಿಲ್ಲ, ಮೇಸ್ತ್ರಿಯ ಜೀಪು ಊರ ಬಾಗಿಲಿಗೇ ಬರುತ್ತದೆ. ಬಯಲುಸೀಮೆಯ ಹಳ್ಳಿಗಳಿಂದ ಮಲೆನಾಡಿನ ತೋಟಗಳಿಗೆ ಹೀಗೆ ಹೋಗಿ ಬರುವುದು ತಲೆಮಾರಿನ ರೂಢಿ. ಜುಲೈಯಲ್ಲಿ ಗಾರ್ಮೆಂಟ್ಸಿಗೆ ಸೇರಿದವಳು ನವೆಂಬರ್ ಕೊನೆಗೆ ಐದು ತಿಂಗಳು ಮುಗಿಸಿರುತ್ತಾಳೆ. ಇನ್ನೊಂದು ತಿಂಗಳು ಕಾದರೆ ಮೊದಲ ಕಂತಿಗೆ ಅರ್ಹಳಾಗುತ್ತಾಳೆ, ಮಾಲೀಕರಿಗೂ ಹಣ ಬರುತ್ತದೆ. ಆದರೂ ಹೋಗುತ್ತಾಳೆ, ಏಕೆಂದರೆ ಕುಯ್ಲಿನ ಹಣ ಈಗಲೇ ಕಾಣುತ್ತದೆ, ಕಂತಿನ ಹಣ ಕಾಣುವುದಿಲ್ಲ. ಲೈನಿನಲ್ಲಿ ಹತ್ತು ಮಂದಿ ಒಟ್ಟಿಗೆ ಖಾಲಿಯಾದಾಗ ಸೂಪರ್‌ವೈಸರ್‌ಗಳು "ಈ ಹಳ್ಳಿ ಹೆಂಗಸರಿಗೆ ಶಿಸ್ತಿಲ್ಲ" ಎಂದು ಗೊಣಗುವುದನ್ನು ಕೇಳಿದ್ದೇನೆ. ನನಗೆ ಅದರಲ್ಲಿ ಕಾಣುವುದು ಒಳ್ಳೆಯ ಲೆಕ್ಕಾಚಾರ. ಕಂತನ್ನು ಮೂರು ಮೂರು ತಿಂಗಳಿಗೆ ಒಡೆದಿದ್ದರೆ ಇವರಲ್ಲಿ ಅರ್ಧದಷ್ಟಾದರೂ ಮಂದಿಗೆ ಮೊದಲ ಕಂತು ಸಿಗುತ್ತಿತ್ತು ಎಂಬುದು ನನ್ನ ಅಂದಾಜು.

ನೋಂದಣಿಯ ವಿಧಾನ ನಿರೀಕ್ಷೆಗಿಂತ ಚೆನ್ನಾಗಿದೆ. ಹೊಸ ಯುಎಎನ್‌ಗೆ ಉಮಂಗ್ ಆ್ಯಪಿನಲ್ಲಿ ಮುಖ ತೋರಿಸಿ ಗುರುತು ದೃಢಪಡಿಸಬೇಕು. ಒಳ್ಳೆಯ ಫೋನಿದ್ದರೆ ಕೆಲವೇ ನಿಮಿಷದ ಕೆಲಸ. ಫೋನು ಹಳೆಯದಾಗಿದ್ದರೆ ಘಟಕದ ಎಚ್‌ಆರ್ ಹುಡುಗನ ಫೋನಿನ ಮುಂದೆ ಸಾಲು ನಿಲ್ಲಬೇಕಾಗುತ್ತದೆ. ತೊಡಕು ಬರುವುದು ಹೆಸರಿನಲ್ಲಿ. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಆಧಾರಿನಲ್ಲಿ ಗಂಡನ ಹೆಸರು, ಬ್ಯಾಂಕಿನಲ್ಲಿ ಮೂರನೆಯ ರೂಪ. ಇವುಗಳನ್ನು ಒಂದುಮಾಡದೆ ಆಧಾರ್ ಮೂಲಕ ನೇರವಾಗಿ ಬರುವ ಹಣ ಖಾತೆ ಸೇರುವುದು ಕಷ್ಟ. ಈ ವಿಷಯದಲ್ಲಿ ಗೃಹಲಕ್ಷ್ಮಿಗೆ ಕೃತಜ್ಞತೆ ಹೇಳಬೇಕು. 2023ರ ಆಗಸ್ಟ್‌ನಲ್ಲಿ ಅದು ಜಾರಿಯಾದಾಗಿನಿಂದ ಎನ್‌ಪಿಸಿಐ ಲಿಂಕ್ (ಬ್ಯಾಂಕ್ ಖಾತೆಯನ್ನು ಆಧಾರಿಗೆ ಜೋಡಿಸುವುದು) ಎಂದರೇನೆಂದು ನಮ್ಮ ಹಳ್ಳಿಗಳ ಹೆಂಗಸರಿಗೆ ಯಾರೂ ವಿವರಿಸಬೇಕಾಗಿಲ್ಲ. ಎರಡು ಸಾವಿರಕ್ಕಾಗಿ ಬ್ಯಾಂಕು, ಗ್ರಾಮ ಒನ್ ಎಂದು ಅಲೆದು ಕಲಿತ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತಿದೆ.

ರಾಜ್ಯದ ಇನ್ನೊಂದು ಯೋಜನೆಯನ್ನು ಉದ್ಯೋಗ ಸಹಾಯಧನವೆಂದು ಯಾರೂ ಕರೆಯುವುದಿಲ್ಲ, ಆದರೆ ನನ್ನ ಅನುಭವದಲ್ಲಿ ಹೆಣ್ಣುಮಕ್ಕಳನ್ನು ಸಂಬಳದ ಕೆಲಸಕ್ಕೆ ತಂದು ಬಿಟ್ಟದ್ದರಲ್ಲಿ ಅದರ ಪಾಲು ದೊಡ್ಡದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಯಿತು. ದುಡಿಯುವ ಸಂಬಳದಲ್ಲಿ ಬಸ್ಸಿನ ಖರ್ಚೇ ಒಂದು ದೊಡ್ಡ ತುಂಡಾಗಿದ್ದವರಿಗೆ ಇದು ಮೊದಲ ತಿಂಗಳಿಂದಲೇ ಸಿಕ್ಕ ವೇತನ ಹೆಚ್ಚಳ. ಅರ್ಜಿಯಿಲ್ಲ, ಆರು ತಿಂಗಳ ಕಾಯುವಿಕೆಯಿಲ್ಲ, ಮೊದಲ ಬಾರಿಯೋ ಎರಡನೆಯ ಬಾರಿಯೋ ಎಂಬ ಪ್ರಶ್ನೆಯಿಲ್ಲ. ಗಂಡನ ಹತ್ತಿರ ಬಸ್ ಚಾರ್ಜಿಗೆ ಕೈಯೊಡ್ಡದೆ ಹಾಸನಕ್ಕೆ ಬಂದು ಕೆಲಸ ವಿಚಾರಿಸಿಕೊಂಡು ಹೋಗುವುದು ಸಾಧ್ಯವಾಯಿತು, ಇದು ಸಣ್ಣ ವಿಷಯವಲ್ಲ. ಕೊರತೆ ಇರುವುದು ಬಸ್ಸಿನ ವೇಳೆಯಲ್ಲಿ. ಬೆಳಗಿನ ಪಾಳಿಗೆ ಸರಿಯಾಗಿ ತಲುಪಿಸುವ ಬಸ್ಸು ಮುಖ್ಯರಸ್ತೆಯ ಊರುಗಳಿಗೆ ಇದೆ. ಒಳಗಿನ ಹಳ್ಳಿಯವಳು ಅಲ್ಲಿಯವರೆಗೆ ನಡೆಯಬೇಕು ಅಥವಾ ಆಟೋಗೆ ಕೊಡಬೇಕು. ಸಂಜೆ ಓಟಿ ಮಾಡಿದರೆ ಕೊನೆಯ ಬಸ್ಸು ತಪ್ಪುತ್ತದೆ. ಓಟಿ ಮಾಡದವಳಿಗೆ ಲೈನಿನಲ್ಲಿ ಬೆಲೆ ಕಡಿಮೆ. ಮಾಲೀಕರಿಗೆ ಕೊಡುವ ₹2,000ದಲ್ಲಿ ಒಂದು ಪಾಲನ್ನು ಹೆಂಗಸರ ವಾಹನ ವ್ಯವಸ್ಥೆಗೆ ಕಟ್ಟಿಹಾಕಿದ್ದರೆ ಯೋಜನೆಯ ಪರಿಣಾಮವೇ ಬೇರೆಯಾಗುತ್ತಿತ್ತು.

ಮಗುವಿನ ಪ್ರಶ್ನೆ ಇದಕ್ಕಿಂತ ಕಠಿಣ. 1948ರ ಕಾರ್ಖಾನೆ ಕಾಯ್ದೆ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು ವಿಧಿಸಿತ್ತು. ದೊಡ್ಡ ಕಾರ್ಖಾನೆಗಳಲ್ಲಿ ಕೊಠಡಿ ಇರುತ್ತದೆ. ಆದರೆ ಎರಡು ವರ್ಷದ ಮಗುವನ್ನು ಸೊಂಟದಲ್ಲಿಟ್ಟುಕೊಂಡು ತುಂಬಿದ ಬಸ್ಸಿನಲ್ಲಿ ಒಂದು ಗಂಟೆ ನಿಂತು ಬರಲು ಯಾರು ತಾನೇ ಒಪ್ಪಿಯಾರು? ಪಾಲನೆಯ ವ್ಯವಸ್ಥೆ ಊರಿನಲ್ಲಿ ಬೇಕು. ಅಂಗನವಾಡಿ ಸಂಜೆ ನಾಲ್ಕರ ಹೊತ್ತಿಗೆ ಮುಗಿಯುತ್ತದೆ, ಪಾಳಿ ಮುಗಿಸಿ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ನಡುವಿನ ಆ ಎರಡು ಮೂರು ಗಂಟೆ ನೋಡಿಕೊಳ್ಳಲು ಅತ್ತೆಯೋ ತಾಯಿಯೋ ಇದ್ದವಳು ಕೆಲಸಕ್ಕೆ ಬರುತ್ತಾಳೆ, ಇಲ್ಲದವಳು ಬರುವುದಿಲ್ಲ. ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಆರಂಭಿಸುವುದಾಗಿ ಹೇಳಿದ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳು ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ. ಅವು ಮುಖ್ಯವಾಗಿ ನರೇಗಾ ಕೂಲಿಗೆ ಹೋಗುವ ತಾಯಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಕಾರ್ಖಾನೆಯ ಪಾಳಿಗೆ ಹೊಂದುವಷ್ಟು ಹೊತ್ತು ತೆರೆದಿಟ್ಟರೆ ಅದರ ಖರ್ಚು ಈ ₹99,446 ಕೋಟಿಯ ಮುಂದೆ ಏನೂ ಅಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಉದ್ಯೋಗ ಪ್ರೋತ್ಸಾಹಧನವನ್ನು ಘೋಷಿಸಿದ ಅದೇ 2024ರ ಬಜೆಟ್ ಭಾಷಣದಲ್ಲಿ ದುಡಿಯುವ ಮಹಿಳೆಯರ ಹಾಸ್ಟೆಲ್ ಮತ್ತು ಶಿಶುಪಾಲನಾ ಕೇಂದ್ರಗಳ ಮಾತೂ ಇತ್ತು. ಪ್ರೋತ್ಸಾಹಧನ ನಿಯಮಗಳಾಗಿ ಇಳಿದು ಬಂದಾಗ ಆ ಜೋಡಿ ಕಳಚಿಕೊಂಡಿತು.

ಸಹಾಯಧನ ನಿಂತ ಮೇಲೆ ಏನಾಗುತ್ತದೆ ಎಂಬುದನ್ನೂ ಕೇಳಬೇಕು. ಜೋರ್ಡಾನ್ ದೇಶದಲ್ಲಿ 2010ರ ಸುಮಾರಿಗೆ ಕಾಲೇಜು ಮುಗಿಸಿದ ಯುವತಿಯರಿಗೆ, ತಮ್ಮನ್ನು ಕೆಲಸಕ್ಕೆ ತೆಗೆದುಕೊಂಡ ಮಾಲೀಕರು ಆರು ತಿಂಗಳವರೆಗೆ ಕನಿಷ್ಠ ವೇತನದಷ್ಟು ಹಣ ಪಡೆಯಬಹುದಾದ ಚೀಟಿಗಳನ್ನು ಕೊಟ್ಟು ಪ್ರಯೋಗ ಮಾಡಲಾಯಿತು. ಚೀಟಿ ನಡೆಯುತ್ತಿದ್ದಾಗ ಉದ್ಯೋಗದ ಪ್ರಮಾಣ ಸುಮಾರು 40 ಶೇಕಡಾ ಅಂಶಗಳಷ್ಟು ಏರಿತು. ಅವಧಿ ಮುಗಿದ ಮೇಲೆ ಆ ಏರಿಕೆ ಬಹುಪಾಲು ಕರಗಿತು. ನಮ್ಮಲ್ಲಿ ನಾಲ್ಕು ವರ್ಷದ ಅವಧಿ ಇರುವುದರಿಂದ ಹಾಗೆಯೇ ಆಗುತ್ತದೆ ಎನ್ನಲಾರೆ. ನಾಲ್ಕು ವರ್ಷ ಲೈನಿನಲ್ಲಿ ಕೂತವಳ ಕೈ ಪಳಗಿರುತ್ತದೆ, ಅವಳನ್ನು ಬಿಡಲು ಮಾಲೀಕರಿಗೇ ಮನಸ್ಸಾಗುವುದಿಲ್ಲ. ಅಲ್ಲಿಯವರೆಗೆ ಅವಳು ಉಳಿಯುವಂತೆ ಮಾಡುವುದು ಏನು ಎಂಬುದಕ್ಕೆ ಹಣದ ಆಚೆಗೆ ಯೋಜನೆಯಲ್ಲಿ ಉತ್ತರವಿಲ್ಲ. ದೇಶದ ಅಂಕಿಗಳಲ್ಲಿ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ದುಡಿಯುವ ಅಥವಾ ಕೆಲಸ ಹುಡುಕುವವರ ಪ್ರಮಾಣ 2017–18ರ ಶೇ 23.3ರಿಂದ 2023–24ರಲ್ಲಿ ಶೇ 41.7ಕ್ಕೆ ಏರಿದೆ. ಆದರೆ ಈ ಏರಿಕೆಯ ಬಹುಭಾಗ ಸ್ವಂತ ದುಡಿಮೆ ಮತ್ತು ಮನೆಯ ಹೊಲ, ಅಂಗಡಿಗಳಲ್ಲಿ ಸಂಬಳವಿಲ್ಲದೆ ಕೈಜೋಡಿಸುವ ಕೆಲಸ. ಸಂಬಳದ ಚೀಟಿ ಕಾಣುವ ಕೆಲಸ ಇನ್ನೂ ಕಡಿಮೆ.

ಸಣ್ಣ ಮಾಲೀಕರು ಒಂದು ಮಾತು ತಿಳಿದಿರಬೇಕು. ಐವತ್ತಕ್ಕಿಂತ ಕಡಿಮೆ ಮಂದಿ ಇರುವ ಸಂಸ್ಥೆ ಕನಿಷ್ಠ ಇಬ್ಬರನ್ನು, ಐವತ್ತು ಅಥವಾ ಹೆಚ್ಚು ಇರುವ ಸಂಸ್ಥೆ ಕನಿಷ್ಠ ಐವರನ್ನು ಹೆಚ್ಚುವರಿಯಾಗಿ ತೆಗೆದುಕೊಂಡರೆ ಮಾತ್ರ ಹಣ ಬರುತ್ತದೆ, ಮತ್ತು ಅದು ಪ್ಯಾನ್ ಜೋಡಿಸಿದ ಖಾತೆಗೆ ಬರುತ್ತದೆ. ಇಪ್ಪತ್ತು ಮಂದಿಯಿಲ್ಲದ, ಪಿಎಫ್ ನೋಂದಣಿಯಿಲ್ಲದ ಘಟಕ ಇದರ ಹೊರಗೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಹತ್ತು ಹನ್ನೆರಡು ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲಾ ಸಮವಸ್ತ್ರ ಹೊಲಿಸುವವರು, ಅಡಿಕೆ ಹಾಳೆಯ ತಟ್ಟೆ ಮಾಡುವವರು ಎಲ್ಲರೂ ಹೀಗೆ ಹೊರಗುಳಿದವರೇ, ಮತ್ತು ಮನೆಗೆ ಹತ್ತಿರವೆಂದು ಹೆಂಗಸರು ಮೊದಲು ಹುಡುಕಿಕೊಂಡು ಹೋಗುವುದು ಇವರನ್ನೇ.

ಅಂಥ ಘಟಕವನ್ನು ತಾನೇ ಆರಂಭಿಸಬೇಕೆನ್ನುವವಳಿಗೆ ಬೇರೆ ಬಾಗಿಲುಗಳಿವೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಗ್ರಾಮೀಣ ಮಹಿಳೆಗೆ ಯೋಜನಾ ವೆಚ್ಚದ ಶೇ 35ರಷ್ಟು ಸಹಾಯಧನ, ಅವಳು ಹಾಕಬೇಕಾದದ್ದು ಶೇ 5. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿಯಲ್ಲಿ ಮೂರು ಲಕ್ಷದವರೆಗಿನ ಸಾಲಕ್ಕೆ ಪರಿಶಿಷ್ಟರಿಗೆ ಶೇ 50, ಇತರರಿಗೆ ಶೇ 30. ಎರಡರಲ್ಲೂ ಕೊನೆಯ ಮಾತು ಬ್ಯಾಂಕಿನದು. ಅವುಗಳ ವಿಮರ್ಶೆ ಬೇರೆಯೇ ಬರಹವಾಗುತ್ತದೆ.

ಈಗ ಸೇರಲು ಹೊರಟವರು ಕೆಲವು ವಿಷಯ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಹಿಂದೆ ಎಲ್ಲಾದರೂ ಪಿಎಫ್ ಕಟ್ಟಿದ್ದರೆ ಅದನ್ನು ಮುಚ್ಚಿಟ್ಟು ಎರಡನೆಯ ಯುಎಎನ್ ಮಾಡಿಸಲು ಹೋಗಬೇಡಿ. ಆಧಾರ್ ಅದನ್ನು ಹಿಡಿಯುತ್ತದೆ, ಹಳೆಯ ಹಣ ಸಿಗುವುದೂ ತಡವಾಗುತ್ತದೆ. ಸೇರಿದ ದಿನಾಂಕವನ್ನು ಮಾಲೀಕರು ಅದೇ ತಿಂಗಳ ಇಸಿಆರ್‌ನಲ್ಲಿ (ಪ್ರತಿ ತಿಂಗಳು ಸಲ್ಲಿಸುವ ಪಿಎಫ್ ಲೆಕ್ಕಪಟ್ಟಿ) ತೋರಿಸಿದ್ದಾರೆಯೇ ಎಂದು ಪಾಸ್‌ಬುಕ್ ನೋಡಿ ತಿಳಿದುಕೊಳ್ಳಿ. ಎರಡು ತಿಂಗಳು "ಟ್ರೇನಿಂಗ್" ಎಂದು ಹೊರಗಿಟ್ಟರೆ ಆರು ತಿಂಗಳ ಲೆಕ್ಕ ಆ ಎರಡು ತಿಂಗಳ ನಂತರವೇ ಆರಂಭವಾಗುತ್ತದೆ. ತೋಟದ ಕೆಲಸಕ್ಕೂ ಹೋಗುವವರಿಗೆ ನನ್ನ ಸಲಹೆಯೆಂದರೆ ರೊಬಸ್ಟಾ ಕುಯ್ಲು ಮುಗಿದ ಮೇಲೆ, ಮಾರ್ಚ್ ಹೊತ್ತಿಗೆ ಗಾರ್ಮೆಂಟ್ಸಿಗೆ ಸೇರಿಕೊಳ್ಳುವುದು. ಆಗಸ್ಟ್ ಕೊನೆಗೆ ಆರು ತಿಂಗಳು ತುಂಬುತ್ತದೆ, ಮೊದಲ ಕಂತಿನ ಅರ್ಹತೆ ನವೆಂಬರಿಗೆ ಮುಂಚೆಯೇ ಬರುತ್ತದೆ. ಎರಡನೆಯ ಕಂತು ಬೇಕಾದರೆ ಮುಂದಿನ ಕುಯ್ಲನ್ನು ಬಿಡಬೇಕಾಗುತ್ತದೆ. ಅದು ಲಾಭವೋ ನಷ್ಟವೋ ಎಂಬುದು ಆ ವರ್ಷ ತೋಟದವರು ಕೇಜಿಗೆ ಎಷ್ಟು ಕೊಡುತ್ತಾರೆ ಎಂಬುದರ ಮೇಲೆ ನಿಂತಿದೆ.